ರಾಣಿ ಕೊನೆಗೆ ಕೇಳಿದ್ದು

ಗ್ರೀಕರ ಒಂದು ದ್ವೀಪದಲ್ಲಿ ರಾಣಿ ಕಾಯಿಲೆಯಾಗಿ ತೀರಿಕೊಂಡಳು. ದೊರೆ ಅವಳ ದಾಸಿ ಮೆಲಿಟಾಳನ್ನು ಕರೆಸಿದ. "ಪಾತಾಳಕ್ಕೆ ಹೋಗು. ಸತ್ತವರನ್ನು ಆಳುವ ಹೇಡೀಸನಿಗೆ ನನ್ನ ಅಪ್ಪಣೆ ಹೇಳಿ ರಾಣಿಯನ್ನು ಕರೆತಾ. ಬರಿಗೈಲಿ ಬಂದರೆ ನಿನ್ನ ತಲೆ ಉಳಿಯೋದಿಲ್ಲ" ಎಂದ.

ಮೆಲಿಟಾ ಊರಾಚೆಯ ಗುಹೆಯಲ್ಲಿ ಕೂತಿದ್ದು ಸಂಜೆಗೆ ಹಿಂತಿರುಗಿದಳು.

"ಹೇಡೀಸ ಒಪ್ಪಿದ, ಪ್ರಭು. ಆದರೆ ರಾಣಿಯಮ್ಮನವರು, ನಾನು ಕೊನೆಗೆ ಕೇಳಿದ್ದನ್ನು ದೊರೆ ಮೊದಲು ನಡೆಸಿಕೊಡಲಿ ಅಂದರು."

ಗದರಲು ಬಾಯಿ ತೆರೆದ ದೊರೆ ಹಾಗೇ ಕೂತುಬಿಟ್ಟ. "ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿರಿ ಅಂದಿದ್ದಳು. ಬೇಟೆಗೆ ತಡವಾಯಿತು ಅಂತ ಎದ್ದು ಹೋದೆ. ಆ ಹೊತ್ತನ್ನು ಈಗ ಎಲ್ಲಿಂದ ತರಲಿ?" ಎಂದು ಮೆಲ್ಲಗೆ ಹೇಳಿ, ಮೆಲಿಟಾಳನ್ನು ಕಳಿಸಿಬಿಟ್ಟ.

ತಲೆ ಉಳಿಯಿತು. ಆದರೂ ಮೆಲಿಟಾಗೆ ಸಂತೋಷವಾಗಲಿಲ್ಲ. ಆ ಮಾತನ್ನು ಅವಳು ಅಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ದೊರೆ ಹೋದ ಮೇಲೆ ತಾನಾದರೂ ಒಳಗೆ ಹೋಗಿ ಕೂರಬಹುದಿತ್ತು.