ಗೋಬರ್ ಗುಂಡಿಗೆ ಹೆಪ್ಪು

ಪಂಕ್ತಿಯಲ್ಲಿ ಕೂತವನು ಪಕ್ಕದವನ ಎಲೆ ನೋಡಬಾರದು. ಇದು ಮಠದ ನಿಯಮ. ಊಟಕ್ಕೆ ಹೇಳಿದ್ದು ಪಾಠಕ್ಕೂ ಸಲ್ಲುತ್ತದೆ ಎಂದು ಗುರುಗಳು ಮೊದಲ ದಿನವೇ ತಿಳಿಸಿದ್ದರು. ಶಿಷ್ಯ ಮರುಳಪ್ಪ ಆ ನಿಯಮವನ್ನು ಮುರಿದೇ ಕೇಳಿದ:

“ಬುದ್ಧಿ, ಶಂಭುಲಿಂಗನೂ ನಾನೂ ಒಂದೇ ದಿನ ಮಠಕ್ಕೆ ಬಂದವರು. ಅವನಿಗೆ ಆಗಲೇ ಹೊಸ ಗ್ರಂಥ ಕೊಟ್ಟಿದ್ದೀರಿ. ನಾನಿನ್ನೂ ಹಳೆಯದನ್ನೇ ಉರು ಹೊಡೆಯುತ್ತಿದ್ದೇನೆ. ನನಗೂ ದಿನಕ್ಕೆ ಎರಡು ಪಾಠ ಕೊಟ್ಟರೆ ಅವನನ್ನು ಹಿಂದೆ ಹಾಕಲಾರೆನೇ?”

ಗುರುಗಳು ಹೇಳಿದರು:

ಒಬ್ಬ ರೈತನಿದ್ದ. ಗೋಡೆಯಾಚೆ ಅವನ ದಾಯಾದಿ. ಇಬ್ಬರಿಗೂ ಎರಡೆರಡು ಎಮ್ಮೆ. ಇಬ್ಬರ ಗೋಬರ್ ಗ್ಯಾಸಿನ ಗುಂಡಿಯನ್ನೂ ಕಟ್ಟಿದವನು ಒಬ್ಬನೇ ಗಾರೆಯವನು. ಆದರೂ ಚಳಿ ಬಿದ್ದ ಮೇಲೆ ದಾಯಾದಿಯ ಒಲೆ ಮುದ್ದೆ ಬೇಯಿಸಿ, ಸಾರು ಕುದಿಸಿ, ಆಮೇಲೂ ನೀಲಿಯಾಗಿ ಉರಿಯುತ್ತಿತ್ತು. ರೈತನ ಒಲೆ ಅನ್ನ ಬೇಯುವ ಮೊದಲೇ ಕಣ್ಣು ಮುಚ್ಚುತ್ತಿತ್ತು.

ಗುಂಡಿಯ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು ಗ್ಯಾಸು ತುಂಬಿದಷ್ಟೂ ಮೇಲೇಳುತ್ತದೆ. ರೈತ ಬೆಳಗ್ಗೆ ಎದ್ದವನು ದೇವರ ಪಟ ನೋಡುತ್ತಿರಲಿಲ್ಲ. ಗೋಡೆಯಾಚೆಯ ಡ್ರಮ್ಮು ನೋಡುತ್ತಿದ್ದ.

ಮಗಳು ಹೆರಿಗೆಗೆ ಬಂದಿದ್ದಳು. ಬಾಣಂತಿಯನ್ನೂ ಕೂಸನ್ನೂ ಹೊಗೆಯಲ್ಲಿ ಇಡುವುದಿಲ್ಲ ಎಂದು ಅವನು ಬೀಗರಿಗೆ ಮಾತು ಕೊಟ್ಟಿದ್ದ.

“ಹೆರಿಗೆ ಆದ್ಮೇಲೆ ಬಾಣಂತಿಗೆ ಎರೆಯೋ ನೀರು ಆಚೆ ಮನೆಯಿಂದ ತರಲಾ?” ಎಂದಳು ಹೆಂಡತಿ. “ಅವರ ಒಲೆಗೇನು, ಊರಿಗೇ ಕಾಸಿ ಕೊಡ್ತದೆ.”

ಆ ಮಾತು ನಾಟಿತು. ದಾಯಾದಿ ಒಂದು ಬುಟ್ಟಿ ಸಗಣಿಗೆ ಸಮ ನೀರು ಬೆರೆಸಿ, ಗಂಟು ಒಡೆದು, ಕಡ್ಡಿ ಹೆಕ್ಕಿ ಗುಂಡಿಗೆ ಬಿಡುತ್ತಿದ್ದ. ಚಳಿಗೆಂದು ಸುತ್ತಲೂ ಹುಲ್ಲು ಒತ್ತುತ್ತಿದ್ದ. ರೈತ ಗೋಡೆಯ ಮೇಲಿಂದ ನೋಡಿದ್ದು ಬುಟ್ಟಿಯನ್ನು ಮಾತ್ರ. ಅವನದು ಒಂದಾದರೆ ನನ್ನದು ಎರಡಾಗಲಿ ಎಂದುಕೊಂಡ. ಸಗಣಿ ಸಾಲದೆ ಹಸಿ ಜೋಳದ ದಂಟು ತುರುಕಿದ. ಮಗಳ ಸೀಮಂತದಲ್ಲಿ ಉಳಿದ ಅನ್ನ, ಹಳಸಿದ ಪಾಯಸ, ನೀರಾದ ಬೆಲ್ಲ, ಎಲ್ಲವನ್ನೂ ಸುರಿದ.

ಡ್ರಮ್ಮು ಗೋಡೆಗಿಂತ ಎತ್ತರಕ್ಕೆ ಎದ್ದಿತು.

ಕೇರಿಯೇ ಅದನ್ನು ನೋಡಿತು. ಗುಂಡಿ ಇದ್ದವರೆಲ್ಲ ಒಬ್ಬರನ್ನೊಬ್ಬರು ನೋಡಿ ಸುರಿಯತೊಡಗಿದರು. ದಾಯಾದಿ ಮಾತ್ರ ಸುರಿಯಲಿಲ್ಲ.

“ಏನಣ್ಣ, ನಿನ್ನ ಡ್ರಮ್ಮು ಏಕಾದಶಿ ಹಿಡಿದಿದೆಯಾ? ತಲೆಯೇ ಕಾಣ್ತಿಲ್ಲ!” ಎಂದು ರೈತ ಕೂಗಿದ.

“ಅರಗುವಷ್ಟು ಹಾಕಿದೀನಪ್ಪ,” ಎಂದು ದಾಯಾದಿ ಕೈ ತೊಳೆದುಕೊಂಡ.

ಮಗಳು ಹೆತ್ತಳು. ಬಾಣಂತಿಯ ಮೊದಲ ನೀರಿಗೆ ಪಾತ್ರೆ ಇಟ್ಟು ಹೆಂಡತಿ ಕಡ್ಡಿ ಗೀರಿದಳು. ಹತ್ತಲಿಲ್ಲ. ಮತ್ತೆ ಗೀರಿದಳು. ಕೊಳವೆಯಿಂದ ಗಾಳಿ ಬುಸುಗುಟ್ಟಿತು, ಉರಿ ಬರಲಿಲ್ಲ. ಗುಂಡಿಯ ಬಾಯಿಂದ ಹುಳಿ ವಾಸನೆ ಹೊಡೆಯಿತು. ಅಜೀರ್ಣವಾದವನ ಹೊಟ್ಟೆಯಂತೆ ಅದು ಉಬ್ಬಿತ್ತು, ಅಷ್ಟೆ. ಕೊನೆಗೆ ಸೌದೆ ಒಟ್ಟಿದರು. ಹೊಗೆಗೆ ಕೂಸು ಉಸಿರು ಕಟ್ಟಿ ಅತ್ತಿತು.

ಅಳು ಗೋಡೆ ದಾಟಿತು. ದಾಯಾದಿ ತನ್ನ ಗುಂಡಿಯ ಅರಗಿದ ಸಗಣಿ ಬಗ್ಗಡವನ್ನು ಕೊಡದಲ್ಲಿ ಹೊತ್ತು ತಂದು ರೈತನ ಗುಂಡಿಗೆ ಸುರಿದ.

“ಹೆಪ್ಪು ಅಂದ್ಕೋ,” ಎಂದ. “ಇದು ಹಿಡಿದು ಒಳಗಿರೋದು ಅರಗೋವರೆಗೂ ಒಂದು ಹಿಡಿ ಸಹ ಹಾಕ್ಬೇಡ. ಕೂಸಿಗೆ ನಮ್ಮ ಒಲೆ ಮೇಲೆ ನೀರು ಕಾಯ್ತಾ ಇದೆ.”

ರೈತನ ಕಣ್ಣು ಆಗಲೂ ಕೊಡದ ಮೇಲಿರಲಿಲ್ಲ. ಆ ನೀರು ಕಾಯುವಷ್ಟರಲ್ಲಿ ಗೋಡೆಯಾಚೆಯ ಡ್ರಮ್ಮು ಎಷ್ಟು ಇಳಿಯಿತೆಂದು ಅಳೆಯುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಆದರೂ ಮರುಳಪ್ಪನ ಬಾಯಿ ಸುಮ್ಮನಿರಲಿಲ್ಲ.

“ಹಾಗಾದರೆ ಹೊಸ ಗ್ರಂಥ ಶಂಭುಲಿಂಗನಿಗೆ ಮಾತ್ರವೇ, ಬುದ್ಧಿ?”

ಗುರುಗಳು ಅಂದರು: “ಆ ಗ್ರಂಥವನ್ನು ಅವನು ಬೆಳಗ್ಗೆಯೇ ತಂದು ಹಿಂದಕ್ಕೆ ಕೊಟ್ಟ; ನಿನಗೆ ಹಳೆಯದು ಅರಗುವವರೆಗೆ ನಿನ್ನ ಜೊತೆ ಕೂತು ಅದನ್ನೇ ಓದುತ್ತಾನಂತೆ.”