ಚಂಗನ ಪಾಲಿನ ಹಾಲು

ಮೂತಿ ಊದಿಸ್ಕೊಂಡಿದ್ದು ಸಾಕು ಶಾರಿ, ಬಾ ನನ್ನ ಹೊದಿಕೆಯೊಳಗೆ. ಅಗೋ, ಅಮ್ಮನ ಮಗ್ಗುಲಲ್ಲಿ ಈಗ ಪಾಪು ಮಲಗಿದೆ, ಏನು ಮಾಡೋಣ?

ಒಂದಾನೊಂದು ಕಾಲದಲ್ಲಿ, ಈ ನಿಮ್ಮಜ್ಜಿಗೆ ಹಲ್ಲು ಬರೋದಕ್ಕೂ ಮುಂಚೆ, ಸಮುದ್ರದಾಚೆ ಆಸ್ಟ್ರೇಲಿಯಾದಲ್ಲಿ ಕೆಂಚವ್ವ ಅಂತ ಒಂದು ಕಾಂಗರೂ ಇತ್ತಂತೆ. ಅದರ ಹೊಟ್ಟೆ ಮೇಲೆ ಒಂದು ಚೀಲ ಇರ್ತದೆ ಕಣೇ, ಯಾರೂ ಹೊಲಿದಿದ್ದಲ್ಲ, ಚರ್ಮದ್ದೇ! ಕೆಂಚವ್ವನ ಮಗ ಚಂಗ ಆ ಚೀಲದಲ್ಲಿ ಕೂತ್ಕೊಂಡು, ತಲೆ ಮಾತ್ರ ಹೊರಗೆ ಹಾಕಿ, ಲೋಕ ನೋಡ್ತಾ ಬೆಳೆದನಂತೆ. ಆಮೇಲೆ ದೊಡ್ಡೋನಾಗಿ ಕೆಳಗಿಳಿದು, ಅಮ್ಮನ ಜೊತೆ ಹುಲ್ಲು ಮೇಯ್ತಾ, ಬೇಕೆನಿಸಿದಾಗ ಚೀಲಕ್ಕೆ ತಲೆ ತೂರಿಸಿ ಹಾಲು ಕುಡೀತಿದ್ದನಂತೆ.

ಆಮೇಲೆ ಒಂದಿನ ಕೆಂಚವ್ವನಿಗೆ ಇನ್ನೊಂದು ಮರಿ ಹುಟ್ಟಿತಂತೆ. ಎಷ್ಟಿತ್ತು ಗೊತ್ತಾ? ಒಂದು ಅವರೆಕಾಳಿನಷ್ಟು! ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ, ಆದರೂ ಅಮ್ಮನ ರೋಮ ಹಿಡ್ಕೊಂಡು ತಾನೇ ಹತ್ತಿ ಹತ್ತಿ ಚೀಲ ಸೇರ್ಕೊಂಡುಬಿಡ್ತಂತೆ. ಶಭಾಷ್ ಅನ್ನು!

ಚಂಗನಿಗೆ ಹೊಟ್ಟೆ ಉರಿದುಹೋಯ್ತು. ಓಡಿ ಬಂದು ತಲೆಕೆಳಗಾಗಿ ಚೀಲಕ್ಕೆ ಧುಮುಕೋಕೆ ಹೋದನಂತೆ, ಕೆಂಚವ್ವ ಚೀಲದ ಬಾಯಿ ಬಿಗಿ ಮಾಡಿದಳಂತೆ. ಆಮೇಲೆ ಅಮ್ಮ ನೆರಳಲ್ಲಿ ತೂಕಡಿಸ್ತಿದ್ದಾಗ ಮೆಲ್ಲಗೆ ಮೂತಿ ತೂರಿಸಿದನಂತೆ, ಮತ್ತೆ ಬಿಗಿ! ಮೂರನೇ ಸಲ, ಅಮ್ಮಾ ಅಂತ ಅಂಗಲಾಚಿದನಂತೆ. ನೀನು ಒಳಗೆ ಬಂದ್ರೆ ಮರಿ ಅಪ್ಪಚ್ಚಿ ಆಗ್ತದೆ ಮಗನೇ, ಅಂದಳಂತೆ. ಹಾಗಾದ್ರೆ ನನ್ನ ಹಾಲೂ ಅದಕ್ಕೇ ಹೋಯ್ತು ಅಂತ ಚಂಗ ಅಳ್ತಾ ದೂರ ಹೋಗಿ ನಿಂತನಂತೆ.

ಆಗ ಪೊದೆ ಹಿಂದೆ ಎರಡು ಕಿವಿ ಕಂಡವಂತೆ! ಡಿಂಗೋ, ಅಲ್ಲಿಯ ಕಾಡುನಾಯಿ! ಕೆಂಚವ್ವ ತಲೆ ತಗ್ಗಿಸಿ ಮೇಯ್ತಾ ಇದಾಳೆ, ನೋಡೇ ಇಲ್ಲ. ಅಪಾಯ ಕಂಡ್ರೆ ಕಾಂಗರೂ ಹಿಂಗಾಲಲ್ಲಿ ನೆಲ ಬಡೀತದೆ ಶಾರಿ. ಚಂಗ ಕೋಪ ತಾಪ ಎಲ್ಲ ಮರೆತು ಬಡಿದನಂತೆ, ಧಪ್! ಧಪ್! ಕೆಂಚವ್ವ ಚೀಲ ಬಿಗಿ ಮಾಡ್ಕೊಂಡು ಹಾರಿದಳು ನೋಡು, ಒಂದೊಂದು ನೆಗೆತ ನಮ್ಮ ಪಡಸಾಲೆ ಉದ್ದ! ಹಿಂದೇನೇ ಚಂಗ! ಡಿಂಗೋ ನಾಲಿಗೆ ಚಾಚ್ಕೊಂಡು ಅಲ್ಲೇ ಕುಕ್ಕರಿಸ್ತಂತೆ.

ಆಮೇಲೆ ಕೆಂಚವ್ವ ಚಂಗನ ಮೈ ನೆಕ್ಕಿ, ಬಾ ಕುಡಿ ಅಂದಳಂತೆ. ಚೀಲಕ್ಕೆ ತಲೆ ತೂರಿಸಿ ಚಂಗ ನೋಡ್ತಾನೆ, ಮರಿ ಒಂದು ಮೊಲೆ ಕಚ್ಕೊಂಡಿದೆ, ಅದಕ್ಕೆ ಎಳೇ ಕೂಸಿನ ತೆಳು ಹಾಲು. ಅವನು ಕುಡೀತಿದ್ದ ಮೊಲೆಯಲ್ಲಿ ದೊಡ್ಡ ಮರಿಯ ಗಟ್ಟಿ ಹಾಲು, ಹಾಗೇ ಇದೆ! ನಿಜ ಕಣೇ, ಕಾಂಗರೂ ಅಮ್ಮ ಒಟ್ಟೊಟ್ಟಿಗೇ ಎರಡು ಥರದ ಹಾಲು ಕೊಡ್ತಾಳೆ. ಚಂಗನ ಪಾಲು ಚಂಗನಿಗೇ!

ಅಲ್ಲಿಗೆ ಚಂಗನ ಹೊಟ್ಟೆ ತುಂಬ್ತು, ನನ್ನ ಕತೆ ಖಾಲಿಯಾಯ್ತು. ಅರೆ, ಯಾಕೇ ಹಾಸಿಗೆ ಮೇಲೆ ಧಪ್ ಧಪ್ ಅಂತ ಕಾಲು ಬಡೀತೀಯ? ಪಾಪು ಕೆನ್ನೆ ಮೇಲೆ ಸೊಳ್ಳೆ ಕೂತಿದ್ಯಾ? ಹಾಗನ್ನು! ಏಳು ಏಳು, ಓಡಿಸು ನಡಿ. ಅಕ್ಕ ಅಲ್ವೇನೇ ನೀನು!