ಹಿಂದಿನ ಸೀಟಿನ ಗುರು

ಹೊಳೆ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಮಂತ್ರ ಹೇಳಿಕೊಡುತ್ತಿರಲಿಲ್ಲ. ಹೆಂಗಸರಿಗೆ ಆಟೋ ಓಡಿಸುವುದನ್ನು ಕಲಿಸುತ್ತಿದ್ದರು. ಬೆಳಿಗ್ಗೆ ಎದ್ದರೆ ಕ್ಲಚ್ಚು, ಗೇರು, ಬ್ರೇಕು, ಇದೇ ಜಪ. ಗುರುವಿನ ಹೆಸರು ನೀಲಗಂಗವ್ವ.

ಶಿಷ್ಯೆ ಹುಲಿಗೆಮ್ಮನಿಗೆ ಲೈಸೆನ್ಸ್ ಬಂದಿತ್ತು. ಧೈರ್ಯ ಇನ್ನೂ ದಾರಿಯಲ್ಲಿತ್ತು. ಗುರು ಪಕ್ಕದಲ್ಲಿ ಕೂತರೆ ಮಾತ್ರ ಅವಳ ಗಾಡಿ ಕದಲುತ್ತಿತ್ತು. ಎದುರಿಗೆ ಒಂದೇ ತಿರುವಿದ್ದು, ಅದೂ ಎಡಕ್ಕೇ ಇದ್ದರೂ ಕೇಳುತ್ತಿದ್ದಳು:

"ಅವ್ವಾರ, ಎಡಕ್ಕ ತಿರುಗಿಸ್ಲೇನ್ರೀ?"

ಅಣ್ಣ ಭರಮಪ್ಪ ಕಡೆಯ ಮಾತು ಹೇಳಿಬಿಟ್ಟಿದ್ದ. "ಈ ಸಂತಿಗೆ ಮಂದಿನ ಹತ್ತಿಸ್ಕೊಂಡು ಗಾಡಿ ತಂದು ತೋರ್ಸು. ಇಲ್ಲಂದ್ರ ಆ ಕುಡುಕನ ಮನಿಗೇ ವಾಪಸ್ ಬಿಟ್ಟು ಬರ್ತೀನಿ."

ಕುಡುಕ ಅಂದರೆ ಅವಳ ಗಂಡ.

ಸಂತೆ ದಿನ ನೀಲಗಂಗವ್ವ ಬದನೆಕಾಯಿ ಬುಟ್ಟಿ ಹಿಡಿದು ಬಂದವರೇ ಹಿಂದಿನ ಸೀಟಿನಲ್ಲಿ ಕೂತರು.

"ಅವ್ವಾರ, ಮುಂದ ಬರ್ರಿ."

"ನಾ ಪ್ಯಾಸೆಂಜರು. ಸಂತಿಗೆ ಬಿಡು."

"ಹಳ್ಳದ ಹಾದಿ ಹಿಡೀಲೋ, ಡಾಂಬರ ಹಾದಿನೋ?"

"ನನಗೇನ್ ಗೊತ್ತವ್ವಾ. ಈ ಕಡಿಗೆ ಹೊಸಬಳು ನಾ."

ಆ ಆಶ್ರಮ ಕಟ್ಟಿದ್ದೇ ಅವರು.

ಹುಲಿಗೆಮ್ಮ ಡಾಂಬರು ಹಾದಿ ಹಿಡಿದಳು. ಇಳಿಜಾರು ಬಂತು.

"ಅವ್ವಾರ, ಬ್ರೇಕ್ ಒತ್ತಲೇನ್ರೀ?"

ಹಿಂದಿನಿಂದ ಗೊರಕೆ.

ಅಷ್ಟರಲ್ಲಿ ಎಮ್ಮೆಯೊಂದು ಅಡ್ಡ ಬಂದು ನಿಂತಿತು. ಕೇಳುವಷ್ಟು ಪುರಸೊತ್ತಿರಲಿಲ್ಲ. ಹುಲಿಗೆಮ್ಮ ಬ್ರೇಕ್ ಒತ್ತಿದಳು. ಗಾಡಿ ನಿಂತಿತು, ಬದನೆಕಾಯಿ ಉರುಳಿದವು, ಗೊರಕೆ ಮಾತ್ರ ನಿಲ್ಲಲಿಲ್ಲ.

"ನಿಮ್ಮಪ್ಪನ ರೋಡೇನ ಇದು?" ಎಂದು ಅವಳು ಎಮ್ಮೆಯನ್ನು ದಬಾಯಿಸಿದಳು. ಎಮ್ಮೆ ಸರಿಯಿತು.

ಅಲ್ಲಿಂದ ಮುಂದೆ ಅವಳು ಏನನ್ನೂ ಕೇಳಲಿಲ್ಲ.

ಕೂಡುರಸ್ತೆಯಲ್ಲಿ ಇಬ್ಬರು ಹೆಂಗಸರು ಕೈ ಮಾಡಿದರು. ಹುಲಿಗೆಮ್ಮ ಗಾಡಿ ನಿಲ್ಲಿಸಿ ಹಿಂದೆ ತಿರುಗಿದಳು.

"ಅಜ್ಜಿ, ಎದ್ದೇಳ್ರಿ. ಸ್ವಲ್ಪ ಸರದು ಕೂಡ್ರಿ. ಬುಟ್ಟಿ ತೊಡಿ ಮ್ಯಾಲ ಇಟ್ಕೊಳ್ರಿ."

ಗುರು ಸರಿದು ಕೂತರು. ಬುಟ್ಟಿಯನ್ನೂ ತೊಡೆ ಮೇಲೆ ಇಟ್ಟುಕೊಂಡರು.

ಸಂತೆ ಬಾಗಿಲಲ್ಲಿ ಭರಮಪ್ಪ ಚಹಾ ಕುಡಿಯುತ್ತ ಕಾಯುತ್ತಿದ್ದ. ತಂಗಿಯ ಗಾಡಿ ಭರ್ತಿಯಾಗಿ ಬಂದು ಅವನ ಕಾಲಬುಡದಲ್ಲೇ ನಿಂತಿತು. ಅವನ ಚಹಾ ತುಟಿಯವರೆಗೆ ಹೋಗಿ ಅಲ್ಲೇ ನಿಂತಿತು.

ಇಬ್ಬರು ಹೆಂಗಸರೂ ದುಡ್ಡು ಕೊಟ್ಟು ನಡೆದರು. ನೀಲಗಂಗವ್ವ ಬುಟ್ಟಿ ಎತ್ತಿಕೊಂಡು ಸುಮ್ಮನೆ ಹೊರಟರು.

"ಅಜ್ಜಿ," ಹುಲಿಗೆಮ್ಮ ಕರೆದಳು. "ಚಾರ್ಜು ಕೊಟ್ಟು ಹೋಗ್ರಿ."

ಭರಮಪ್ಪನಿಗೆ ಚಹಾ ನೆತ್ತಿಗೇರಿತು. "ಏ ಹುಲಿಗೀ, ಗುರುವಿನ ಹತ್ರ ರೊಕ್ಕ ಕೇಳ್ತೀಯೇನ? ಅವ್ವಾರ, ಇಕಿಗೆ ಇದನ್ನೇನ್ರೀ ನೀವು ಕಲಿಸಿದ್ದು?"

ನೀಲಗಂಗವ್ವ ಸೆರಗಿನ ಗಂಟು ಬಿಚ್ಚಿ, ದುಡ್ಡನ್ನು ಶಿಷ್ಯೆಯ ಅಂಗೈಯಲ್ಲಿಟ್ಟರು.

"ಗಾಡಿ ಓಡ್ಸೋದು ಆಕಿ ಎಂದೋ ಕಲ್ತಾಳಪ್ಪ. ಇದೊಂದು ಬಾಕಿ ಇತ್ತು."